ಮೊದಲ ದಿನ ಕೊಟ್ಟ ಐದು ಸ್ಟಾರ್ ವಾಪಸ್: ಕಾರಿನ ಟ್ರಿಮ್‌ಗೆ ನಾನೇ ವಿನೈಲ್ ಸುತ್ತಿದ ಮೇಲೆ

ಈ ವಿಮರ್ಶೆಯನ್ನು ಬರೆಯುತ್ತಿರುವುದು ಎರಡನೇ ಸಲ. ಮೊದಲನೆಯದನ್ನು ಕಾರಿನ ಟ್ರಿಮ್‌ಗೆ, ಅಂದರೆ ಅಂಚಿನ ಅಲಂಕಾರದ ಪಟ್ಟಿಗಳಿಗೆ, ವಿನೈಲ್ ಅನ್ನುವ ಅಂಟಿನ ಪ್ಲಾಸ್ಟಿಕ್ ಹಾಳೆ ಅಂಟಿಸಿದ ದಿನ ಸಂಜೆಯೇ ಬರೆದಿದ್ದೆ. ಬೆರಳಿನ ಅಂಟು ಕೂಡ ಹೋಗಿರಲಿಲ್ಲ. ‘ಕನ್ನಡಿ ತರ ಹೊಳೀತಿದೆ, ಯಾರು ಬೇಕಾದರೂ ಮಾಡಬಹುದು’ ಅಂತ ಬರೆದು ಐದು ಸ್ಟಾರ್ ಒತ್ತಿಬಿಟ್ಟೆ. ಇಪ್ಪತ್ತಮೂರನೇ ದಿನ ಕಾರು ಒರೆಸುವಾಗ ಬಟ್ಟೆಗೆ ಏನೋ ಸಿಕ್ಕಿಕೊಂಡಿತು. ನೋಡಿದರೆ ಎರಡು ಕಿಟಕಿಗಳ ನಡುವಿನ ಕಪ್ಪು ಪಟ್ಟಿಯ ಕೆಳಮೂಲೆ ಎದ್ದು ನಿಂತಿತ್ತು. ಒತ್ತಿದೆ, ಕೂತಿತು. ಮಾರನೇ ದಿನ ಮತ್ತೆ ಎದ್ದಿತು. ಆ ಐದು ಸ್ಟಾರ್ ಅಳಿಸಿದೆ. ಈಗ ಹದಿನಾಲ್ಕು ತಿಂಗಳಾಗಿದೆ. ಎರಡು ಬೇರೆ ಬೇರೆ ಸುರುಳಿ ಬಳಸಿದ್ದೇನೆ, ಒಂದನ್ನು ಪೂರ್ತಿ ಕಿತ್ತು ಹಾಕಿದ್ದೇನೆ. ಹಾಗಾಗಿ ಈಗ ಬರೆದರೆ ಸ್ವಲ್ಪ ನಂಬಬಹುದು.

ನಾನು ಹೊಲಿಗೆ ಕೆಲಸ ಮಾಡುವವಳು. ಮೆಕ್ಯಾನಿಕ್ ಅಲ್ಲ, ಕಾರಿನ ಹುಚ್ಚೂ ಇಲ್ಲ. ಆದರೆ ಉಬ್ಬುತಗ್ಗಿನ ಮೈಗೆ ಚಪ್ಪಟೆ ಬಟ್ಟೆಯನ್ನು ಸುಕ್ಕಿಲ್ಲದೆ ಕೂರಿಸುವುದೇ ನನ್ನ ದಿನದ ಕೆಲಸ. ವಿನೈಲ್ ಕೂಡ ಅದೇ ತಾನೇ ಅಂದುಕೊಂಡು ಧೈರ್ಯ ಮಾಡಿದೆ. ಅರ್ಧ ಸರಿ, ಅರ್ಧ ತಪ್ಪು. ಬಟ್ಟೆ ತಪ್ಪಿದರೆ ಹೊಲಿಗೆ ಬಿಚ್ಚಬಹುದು. ಇಲ್ಲಿ ಬಿಚ್ಚುವುದೆಂದರೆ ಹಾಳೆ ಹೋಯಿತು ಅಂತಲೇ ಅರ್ಥ.

ಕಾರಿಗೆ ಒಂಬತ್ತು ವರ್ಷ. ಇಂಜಿನ್ ಚೆನ್ನಾಗಿದೆ, ಬಣ್ಣವೂ ಪರವಾಗಿಲ್ಲ. ಮುದಿಯಾಗಿ ಕಾಣುತ್ತಿದ್ದದ್ದು ಸಣ್ಣ ಸಣ್ಣ ಪಟ್ಟಿಗಳಿಂದ. ಕಿಟಕಿಗಳ ಕೆಳಗಿನ ಕ್ರೋಮ್ ಪಟ್ಟಿ ನೀರಿನ ಕಲೆಯಿಂದ ಮಂಕಾಗಿತ್ತು. ಬಾಗಿಲ ನಡುವಿನ ಪಟ್ಟಿ, ಇದಕ್ಕೆ ಬಿ ಪಿಲ್ಲರ್ ಅಂತಾರೆ, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಒಳಗೆ ಗೇರ್ ಸುತ್ತಲಿನ ಚೌಕಟ್ಟಿನ ಬೆಳ್ಳಿ ಬಣ್ಣ ನನ್ನ ಕೈಯ ಉಂಗುರ ತಾಗಿ ತಾಗಿ ಸವೆದು ಅಡಿಯ ಕಪ್ಪು ಪ್ಲಾಸ್ಟಿಕ್ ಇಣುಕುತ್ತಿತ್ತು. ಹೊಸ ಭಾಗ ಕೇಳಿದರೆ ಒಂದು ಪಟ್ಟಿಗಾಗಿ ಇಡೀ ಜೋಡಣೆಯನ್ನೇ ಕೊಳ್ಳಬೇಕು ಅಂದರು. ಬಣ್ಣ ಹೊಡೆಸಿದರೆ ವಾಪಸ್ ಬರುವ ದಾರಿ ಇಲ್ಲ. ವಿನೈಲ್ ಬೇಡವಾದರೆ ಕೀಳಬಹುದು. ನನ್ನನ್ನು ಒಪ್ಪಿಸಿದ್ದು ಇದೊಂದೇ ಮಾತು.

ಮೊದಲು ತಂದದ್ದು ಒಂದು ಕಿಟ್. ಹೆಸರು ಬೇಡ. ಒಂದು ಸುರುಳಿ ಗ್ಲಾಸ್ ಬ್ಲ್ಯಾಕ್ (ಗಾಜಲ್ಲ, ಹೊಳಪಿನ ಕಪ್ಪು), ಹಾಳೆಯನ್ನು ಒತ್ತಿ ಸವರಲು ಒಂದು ಪ್ಲಾಸ್ಟಿಕ್ ಸ್ಕ್ವೀಜಿ, ಒಂದು ಚಿಕ್ಕ ಬ್ಲೇಡು, ಒಂದು ಜೊತೆ ತೆಳು ಗ್ಲೌಸ್. ಡಬ್ಬಿಯ ಮೇಲೆ ನಗುತ್ತಿರುವ ಒಬ್ಬ ಮನುಷ್ಯ. ಹಾಳೆಯನ್ನು ಬಿಚ್ಚಿದ ಕೂಡಲೇ ಹೊಸ ರೈನ್‌ಕೋಟಿನ ವಾಸನೆ ಬಂತು. ಕೈಗೆ ದಪ್ಪ ಅನ್ನಿಸಿತು. ದಪ್ಪ ಅಂದರೆ ಗಟ್ಟಿ, ಗಟ್ಟಿ ಅಂದರೆ ಒಳ್ಳೆಯದು ಅಂದುಕೊಂಡೆ. ಬಟ್ಟೆಯಲ್ಲಿ ಈ ಲೆಕ್ಕ ನಡೆಯಲ್ಲ ಅಂತ ನನಗೆ ಗೊತ್ತು. ಇಲ್ಲಿ ಯಾಕೋ ಮರೆತುಹೋಯಿತು.

ವಿನೈಲ್‌ನಲ್ಲಿ ಎರಡು ಜಾತಿ ಇವೆ. ಒಂದು ಕ್ಯಾಲೆಂಡರ್ಡ್, ಇನ್ನೊಂದು ಕಾಸ್ಟ್, ಅಂದರೆ ಎರಕದ್ದು. ಕ್ಯಾಲೆಂಡರ್ ಅಂದರೆ ಗೋಡೆಯ ಕ್ಯಾಲೆಂಡರ್ ಅಲ್ಲ. ಬಿಸಿ ಪಿವಿಸಿ ಮುದ್ದೆಯನ್ನು ಉಕ್ಕಿನ ಉರುಳೆಗಳ ನಡುವೆ ಹಿಂಡಿ, ಎಳೆದು ಹಾಳೆ ಮಾಡುವ ವಿಧಾನ. ಆ ಎಳೆತ ಹಾಳೆಯೊಳಗೆ ಉಳಿದುಬಿಡುತ್ತದೆ. ಬಿಸಿಲು ಬಿದ್ದಾಗಲೆಲ್ಲ ಅದು ತನ್ನ ಹಳೆಯ ಅಳತೆಗೆ ಹೋಗಲು ನೋಡುತ್ತದೆ. ಒಗೆಯದ ಹತ್ತಿ ಬಟ್ಟೆಯನ್ನು ಹಾಗೇ ಹೊಲಿದು ಕೊಟ್ಟರೆ ಮೊದಲ ಒಗೆತಕ್ಕೆ ಗಿಡ್ಡವಾಗುತ್ತದಲ್ಲ, ಥೇಟ್ ಹಾಗೆ. ಕಾಸ್ಟ್ ಹಾಳೆ ಹುಟ್ಟುವ ರೀತಿಯೇ ಬೇರೆ. ದ್ರವ ರೂಪದ ವಿನೈಲನ್ನು ಒಂದು ಹಾಳೆಯ ಮೇಲೆ ತೆಳ್ಳಗೆ ಹರಡಿ ಒಲೆಯಲ್ಲಿ ಒಣಗಿಸುತ್ತಾರೆ. ಯಾರೂ ಎಳೆದಿಲ್ಲ, ಹಾಗಾಗಿ ವಾಪಸ್ ಹೋಗುವ ಹಟವೂ ಕಡಿಮೆ. ತೆಳ್ಳಗಿರುತ್ತದೆ, ಉಬ್ಬುತಗ್ಗಿಗೆ ಬಗ್ಗುತ್ತದೆ, ಬೆಲೆ ಜಾಸ್ತಿ.

ನನ್ನ ಕಿಟ್ಟಿನ ಡಬ್ಬಿಯ ಮೇಲೆ ಕಾಸ್ಟ್ ಅಂತ ಎಲ್ಲೂ ಬರೆದಿರಲಿಲ್ಲ. ಬರೆಯದಿದ್ದರೆ ಅದು ಕಾಸ್ಟ್ ಅಲ್ಲ ಅಂತಲೇ ಈಗ ನಾನು ತಿಳಿಯುತ್ತೇನೆ. ಮೂಲೆ ಎದ್ದದ್ದು ಮಾತ್ರವಲ್ಲ, ಎರಡು ತಿಂಗಳಾಗುವಷ್ಟರಲ್ಲಿ ಕ್ರೋಮ್ ಪಟ್ಟಿಯ ಎರಡೂ ತುದಿಯಲ್ಲಿ ಹಾಳೆ ಹಿಂದೆ ಸರಿದಿತ್ತು. ಒಂದು ಕಡೆ ಎರಡು ಮಿಲಿಮೀಟರ್, ಇನ್ನೊಂದು ಕಡೆ ಸುಮಾರು ಮೂರು. ಕಪ್ಪು ಪಟ್ಟಿಯ ಕೊನೆಯಲ್ಲಿ ಬೆಳ್ಳಿ ಗೆರೆ. ಲಂಗದ ಕೆಳಗೆ ಒಳಲಂಗ ಕಂಡ ಹಾಗೆ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣಿಸುವುದಿಲ್ಲ.

ಹಾಗಂತ ತಪ್ಪೆಲ್ಲ ಆ ಕಿಟ್ಟಿನದ್ದೇ ಅಂದರೆ ಸುಳ್ಳಾಗುತ್ತದೆ. ನಾನು ವರ್ಷಗಟ್ಟಲೆ ಡ್ಯಾಶ್‌ಬೋರ್ಡಿಗೂ ಟ್ರಿಮ್‌ಗೂ ಹೊಳಪಿನ ಪಾಲಿಶ್ ಹಚ್ಚುತ್ತಿದ್ದೆ. ಇಂಥ ಪಾಲಿಶ್‌ಗಳಲ್ಲಿ ಬಹಳಷ್ಟಕ್ಕೆ ಸಿಲಿಕೋನ್ ಸೇರಿಸಿರುತ್ತಾರೆ. ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಮೊದಲ ಸಲ ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂಟಿಸಿದ್ದೆ. ಅದು ತೊಳೆದದ್ದಲ್ಲ, ಸುಮ್ನೆ ಸಮಾಧಾನಕ್ಕೆ ಒರೆಸಿದ್ದು.

ಎರಡನೇ ಸಲಕ್ಕೆ ತಂದದ್ದು ತ್ರೀ ಎಂ ಕಂಪನಿಯ 2080 ಸರಣಿಯ ಗ್ಲಾಸ್ ಬ್ಲ್ಯಾಕ್. ಇದು ಕಾಸ್ಟ್ ಹಾಳೆ. ಅವರದೇ ಹಳೆಯ 1080 ಸರಣಿಯ ಜಾಗಕ್ಕೆ ಬಂದದ್ದು. ಸುರುಳಿಯ ಅಗಲ 1.52 ಮೀಟರ್. ಉದ್ದ ಎಷ್ಟು ಬೇಕೋ ಅಷ್ಟು ಕತ್ತರಿಸಿ ಕೊಡುತ್ತಾರೆ. ಏವರಿ ಡೆನಿಸನ್‌ನ ಎಸ್‌ಡಬ್ಲ್ಯು 900, ಓರಾಫಾಲ್‌ನ 970 ಕೂಡ ಇದೇ ಜಾತಿಯವು. ನಾನು ಬಳಸಿದ್ದು ಒಂದನ್ನೇ, ಹಾಗಾಗಿ ಹೋಲಿಸಲು ಹೋಗುವುದಿಲ್ಲ.

ಕೈಗೆ ತೆಗೆದುಕೊಂಡ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದು ಟೇಬಲ್ಲಿಗೆ ಹಾಸುವ ಪ್ಲಾಸ್ಟಿಕ್ ಹಾಗಿದ್ದರೆ ಇದು ಒಳ್ಳೆಯ ಲೈನಿಂಗ್ ಬಟ್ಟೆ ಹಾಗೆ ಕೈಮೇಲೆ ಬೀಳುತ್ತದೆ. ಹಿಂಬದಿಯ ಅಂಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿವೆ. ಗುಳ್ಳೆಯನ್ನು ಒತ್ತಿದರೆ ಗಾಳಿ ಆ ಕಾಲುವೆಗಳಲ್ಲಿ ಹರಿದು ಅಂಚಿನಿಂದ ಆಚೆ ಹೋಗುತ್ತದೆ. ಅದಕ್ಕೇ ಇದನ್ನು ಒಣಗಿದ್ದಾಗಲೇ ಅಂಟಿಸಬೇಕು. ಮೊಬೈಲಿಗೆ, ಕಿಟಕಿ ಗಾಜಿಗೆ ಫಿಲ್ಮ್ ಹಾಕುವವರು ಸೋಪು ನೀರು ಸಿಂಪಡಿಸುವುದನ್ನು ನೋಡಿ ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಕಾಲುವೆಗಳಿರುವ ಹಾಳೆಗೆ ನೀರು ಹಾಕಿದರೆ ನೀರು ಅಲ್ಲೇ ಕೂರುತ್ತದೆ. ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು. ಜೋರಾಗಿ ಒತ್ತುವ ತನಕ ಅಂಟು ಪೂರ್ತಿ ಹಿಡಿಯುವುದಿಲ್ಲ. ಹಾಳೆಯನ್ನು ಮೆಲ್ಲಗೆ ಇಟ್ಟು, ಜಾರಿಸಿ, ಎತ್ತಿ, ಮತ್ತೆ ಇಡಬಹುದು. ಗುಂಡುಪಿನ್ನು ಚುಚ್ಚಿ ನೋಡಿ ಆಮೇಲೆ ಹೊಲಿಯುವ ಅಭ್ಯಾಸ ಇರುವವರಿಗೆ ಇದು ದೊಡ್ಡ ಉಪಕಾರ.

ಗ್ಲಾಸ್ ಬಣ್ಣಗಳ ಮೇಲೆ ಒಂದು ಪಾರದರ್ಶಕ ರಕ್ಷಣಾ ಪೊರೆಯೂ ಇರುತ್ತದೆ. ಸ್ಕ್ವೀಜಿ ಎಳೆಯುವಾಗ ಗೀರು ಬೀಳದಿರಲಿ ಅಂತ. ಅದು ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಬಲಗಡೆಯ ಪಟ್ಟಿ ಮುಗಿಸಿ, ಹೊಳಪು ಯಾಕೋ ಕಮ್ಮಿ, ಮೋಸ ಹೋದೆ ಅಂತ ಬೈದುಕೊಳ್ಳುತ್ತಿದ್ದಾಗ ಉಗುರಿಗೆ ಅದರ ಅಂಚು ಸಿಕ್ಕಿತು. ಎಳೆದರೆ ಅಡಿಯಲ್ಲಿ ಕನ್ನಡಿ. ಆವತ್ತಿನ ಅತ್ಯಂತ ಖುಷಿಯ ಕ್ಷಣ ಅದೇ.

ಈ ಸಲ ತೊಳೆಯುವುದಕ್ಕೇ ಅಂಟಿಸುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಮೊದಲು ಸೋಪು ನೀರು. ಆಮೇಲೆ ರಬ್ಬರ್ ಅಂಚುಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಅಲ್ಲಿಂದ ಬಂದ ಕೊಳೆ ನೋಡಿ ನನಗೇ ನಾಚಿಕೆಯಾಯಿತು. ಕೊನೆಗೆ ಎರಡು ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಒಂದು ಪಾಲು ನೀರು ಬೆರೆಸಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸುವುದು. ಇದರಲ್ಲಿ ಒಂದು ಗುಟ್ಟಿದೆ. ಆಲ್ಕೋಹಾಲ್ ತಾನಾಗಿ ಆರಲು ಬಿಡಬಾರದು. ಆರಿದರೆ ಕರಗಿದ ಜಿಡ್ಡು ಅಲ್ಲೇ ಕೂರುತ್ತದೆ. ಹಸಿಯಿರುವಾಗಲೇ ಇನ್ನೊಂದು ಒಣಬಟ್ಟೆಯಲ್ಲಿ ಎತ್ತಿಬಿಡಬೇಕು. ಅದಾದ ಮೇಲೆ ಬರಿ ಬೆರಳು ತಾಗಿಸಬಾರದು. ನಾನು ಅಭ್ಯಾಸಬಲದಿಂದ ‘ನುಣ್ಣಗಾಗಿದೆಯಾ’ ಅಂತ ಸವರಿ ನೋಡಿದೆ. ಮತ್ತೆ ಒರೆಸಿದೆ. ಹೀಗೆ ಮೂರು ಸಲ.

ಕ್ರೋಮ್ ಮೇಲಿನ ಕಲೆ ತೆಗೆಯಲು ಪಾಲಿಶ್ ಬಳಸಿದರೆ ಆ ಪಾಲಿಶನ್ನೂ ಪೂರ್ತಿ ತೆಗೆಯಬೇಕು. ಕ್ರೋಮ್ ಎದ್ದು ಗುಳ್ಳೆಯಾಗಿದ್ದರೆ ಮಾತ್ರ ವಿನೈಲ್ ಏನನ್ನೂ ಮುಚ್ಚುವುದಿಲ್ಲ. ಗ್ಲಾಸ್ ಬ್ಲ್ಯಾಕ್ ಅಂತೂ ಚಾಡಿಕೋರ. ಅಡಿಯಲ್ಲಿ ಒಂದು ಮರಳಿನ ಕಣ ಇದ್ದರೂ ಊರಿಗೆಲ್ಲ ಹೇಳುತ್ತದೆ.

ಧೂಳಿನ ಮಾತು ಬಂತು. ಹಿಂಬದಿಯ ಕಾಗದ ಕೀಳುವಾಗ ಹಾಳೆಗೆ ಸ್ಥಿರ ವಿದ್ಯುತ್ ಏರುತ್ತದೆ, ಸುತ್ತಲಿನ ಧೂಳು, ಕೂದಲು ಎಲ್ಲವೂ ಓಡಿ ಬರುತ್ತವೆ. ಫ್ಯಾನ್ ಹಾಕಬೇಡಿ. ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ. ಉಣ್ಣೆಯ ಅಥವಾ ನೂಲು ಉದುರುವ ಬಟ್ಟೆ ತೊಡಬೇಡಿ. ನಾನು ದಿನವಿಡೀ ದಾರದ ಚೂರುಗಳ ನಡುವೆ ಇರುವವಳು. ಎಡಗಡೆಯ ಮುಂದಿನ ಪಟ್ಟಿಯೊಳಗೆ ಇವತ್ತಿಗೂ ಅರ್ಧ ಸೆಂಟಿಮೀಟರ್ ದಾರ ಸಮಾಧಿಯಾಗಿದೆ. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ನನಗೆ ದಿನಾ ಕಾಣುತ್ತದೆ.

ಕತ್ತರಿಸುವ ವಿಷಯದಲ್ಲಿ ನನ್ನ ವೃತ್ತಿ ಕೈಹಿಡಿಯಿತು. ಪ್ರತಿ ಭಾಗಕ್ಕೂ ಮೊದಲು ಹಳೆಯ ಪತ್ರಿಕೆಯಲ್ಲಿ ಮಾದರಿ ಕತ್ತರಿಸಿಕೊಂಡೆ. ನಡುಗೆರೆ ಎಳೆದುಕೊಂಡೆ. ಸುತ್ತಲೂ ಎರಡು ಬೆರಳು ಮಾರ್ಜಿನ್ ಬಿಟ್ಟೆ. ಹಿಡಿದು ಎಳೆಯಲು ಏನಾದರೂ ಬೇಕಲ್ವಾ? ಕಿಟ್ಟಿನ ಜೊತೆ ಬಂದಿದ್ದ ಸೂಚನೆಯಲ್ಲಿ ‘ಅಳತೆಗೆ ಸರಿಯಾಗಿ ಕತ್ತರಿಸಿ ಅಂಟಿಸಿ’ ಅಂತಿತ್ತು. ಅದನ್ನು ಬರೆದವರು ಜೀವನದಲ್ಲಿ ಒಂದು ದಿಂಬಿನ ಕವರು ಕೂಡ ಹೊಲಿದಿರಲಾರರು.

ಬಿ ಪಿಲ್ಲರ್ ಸುಲಭ. ಚಪ್ಪಟೆ, ಸಣ್ಣದು, ಎದ್ದು ಕಾಣುತ್ತದೆ. ಶುರು ಮಾಡುವವರು ಇದರಿಂದಲೇ ಶುರು ಮಾಡಲಿ. ಹಾಳೆಯ ನಡುವಿನಿಂದ ಹೊರಗೆ, ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ ಸ್ಕ್ವೀಜಿ ಎಳೆದರೆ ಆಯಿತು. ಸ್ಕ್ವೀಜಿಯ ಅಂಚಿಗೆ ಫೆಲ್ಟ್ ಬಟ್ಟೆ ಇರಲೇಬೇಕು. ಕಿಟ್ಟಿನಲ್ಲಿದ್ದ ಬರಿ ಪ್ಲಾಸ್ಟಿಕ್ ತುಂಡು ನನ್ನ ಮೊದಲ ಹಾಳೆಯ ಮೇಲೆ ಜೇಡರ ಬಲೆ ಬಿಡಿಸಿತ್ತು.

ಕ್ರೋಮ್ ಪಟ್ಟಿ ಉದ್ದ, ಕಿರಿದು, ಕೊಂಚ ಬಿಲ್ಲಿನ ಹಾಗೆ ಬಾಗಿದೆ. ಇದಕ್ಕೆ ಇಬ್ಬರು ಬೇಕು. ಮಗಳು ಒಂದು ತುದಿ ಹಿಡಿದಳು. ‘ಎಳಿಯಬೇಡ, ಸುಮ್ನೆ ಹಿಡ್ಕೋ’ ಅಂತ ಅವಳಿಗೆ ಇಪ್ಪತ್ತು ಸಲ ಹೇಳಿರಬೇಕು. ಉದ್ದಕ್ಕೆ ಎಳೆದು ಅಂಟಿಸಿದರೆ ಸುಂದರವಾಗಿ ಕೂರುತ್ತದೆ, ಒಂದೂ ಸುಕ್ಕು ಇರುವುದಿಲ್ಲ. ಬಿಸಿಲು ಬಿದ್ದಾಗ ಆ ಸಾಲ ತೀರಿಸಬೇಕಾಗುತ್ತದೆ. ಕಾಸ್ಟ್ ಹಾಳೆಯೂ ಎಳೆದರೆ ಎಳೆದದ್ದೇ. ಮೊದಲ ಸಲದ ಮೂರು ಮಿಲಿಮೀಟರಿನಲ್ಲಿ ನನ್ನ ಪಾಲು ಎಷ್ಟು, ಕಿಟ್ಟಿನ ಪಾಲು ಎಷ್ಟು ಅಂತ ಈಗ ಯೋಚಿಸಿದರೆ ಅರ್ಧರ್ಧ ಅನ್ನಿಸುತ್ತದೆ.

ಪಟ್ಟಿಯ ಮೇಲಂಚು ಕಿಟಕಿಯ ರಬ್ಬರಿನ ಅಡಿಗೆ ಹೋಗುತ್ತದೆ. ಪ್ಲಾಸ್ಟಿಕ್ ತುದಿಯ ಒಂದು ಉಪಕರಣದಿಂದ ರಬ್ಬರನ್ನು ಎತ್ತಿ ಹಾಳೆಯನ್ನು ಒಳಗೆ ತೂರಿಸಬೇಕು. ಎಷ್ಟು ಒಳಗೆ ಹೋದರೆ ಅಷ್ಟು ಆಯುಸ್ಸು. ಮುಖದ ಅಂಚಿನಲ್ಲೇ ಕತ್ತರಿಸಿ ನಿಲ್ಲಿಸಿದ ಹಾಳೆಗೂ ಹಿಂದಕ್ಕೆ ಐದಾರು ಮಿಲಿಮೀಟರ್ ಮಡಚಿದ ಹಾಳೆಗೂ ಇರುವ ವ್ಯತ್ಯಾಸ ಅಂದರೆ, ಕತ್ತರಿಸಿ ಹಾಗೇ ಬಿಟ್ಟ ಬಟ್ಟೆಗೂ ಅಂಚು ಹೊಲಿದ ಬಟ್ಟೆಗೂ ಇರುವ ವ್ಯತ್ಯಾಸ. ಅದಕ್ಕೇ ಕಳಚಲು ಬರುವ ಭಾಗಗಳನ್ನು ಕಳಚಿಯೇ ಮಾಡಿ. ಗೇರ್ ಸುತ್ತಲಿನ ಚೌಕಟ್ಟು ಕಳಚುವಾಗ ನಾನು ಎರಡು ಕ್ಲಿಪ್ ಮುರಿದೆ. ಸ್ಕ್ರೂಡ್ರೈವರ್ ತೂರಿಸಿದ್ದಕ್ಕೆ ಸಿಕ್ಕ ಶಿಕ್ಷೆ. ನೈಲಾನ್ ಸಲಾಕೆಗಳು ಸಿಗುತ್ತವೆ, ಅವನ್ನು ತರಬೇಕಿತ್ತು.

ಆ ಗೇರ್ ಚೌಕಟ್ಟಿನ ಬಗ್ಗೆಯೇ ಒಂದು ಅಧ್ಯಾಯ ಬರೆಯಬಹುದು. ನಾಲ್ಕು ಸಲ ಮಾಡಿದೆ. ನಾಲ್ಕು ಮೂಲೆ, ನಡುವೆ ರಂಧ್ರ, ಒಂದು ಕಡೆ ಬೆರಳು ಹೋಗುವಷ್ಟು ತಗ್ಗು. ಉಬ್ಬು ನನಗೆ ತೊಂದರೆ ಕೊಡಲಿಲ್ಲ. ಉಬ್ಬಿನ ಮೇಲೆ ಹಾಳೆಯನ್ನು ಬಿಸಿ ಮಾಡಿ ಎಳೆದರೆ ಕೂರುತ್ತದೆ. ತಗ್ಗು ಹಾಗಲ್ಲ. ಸುತ್ತಲೂ ಅಂಟಿಸಿ ಆಮೇಲೆ ನಡುವೆ ಬೆರಳಿನಿಂದ ಒತ್ತಿದರೆ ಹಾಳೆ ತಗ್ಗಿನೊಳಗೆ ಹೋಗುತ್ತದೆ, ನೀವು ಗೆದ್ದೆ ಅಂದುಕೊಳ್ಳುತ್ತೀರಿ. ರಾತ್ರಿ ಕಳೆದು ಬೆಳಗ್ಗೆ ನೋಡಿದರೆ ತಂಬೂರಿಯ ತಂತಿಯ ಹಾಗೆ ಬಿಗಿಯಾಗಿ ಮೇಲೆದ್ದು ನಿಂತಿರುತ್ತದೆ. ತಗ್ಗಿಗೆ ಬೇಕಾದ ಹಾಳೆಯನ್ನು ಮೊದಲೇ ಕೊಡಬೇಕು. ಅಂದರೆ ಮೊದಲು ತಗ್ಗಿನ ತಳ ಅಂಟಿಸಿ, ಅಲ್ಲಿಂದ ಗೋಡೆ ಹತ್ತಿಸಿ, ಕೊನೆಗೆ ಮೇಲಿನ ಮುಖಕ್ಕೆ ಬರಬೇಕು. ತೋಳು ಕೂರಿಸುವಾಗ ಸಡಿಲ ಎಲ್ಲಿಂದ ಬರಬೇಕು ಅಂತ ಮೊದಲೇ ಯೋಚಿಸುತ್ತೇವಲ್ಲ, ಅದೇ ಲೆಕ್ಕ. ಮೂರು ಹಾಳೆ ಹಾಳು ಮಾಡಿದ ಮೇಲೆ ಇದು ಹೊಳೆಯಿತು. ಇಪ್ಪತ್ತೆರಡು ವರ್ಷ ತೋಳು ಹೊಲಿದವಳಿಗೆ ಹೊಳೆಯಲು ಮೂರು ಹಾಳೆ ಬೇಕಾಯಿತು ಅನ್ನುವುದೇ ನನಗೆ ಬೇಜಾರು.

ರಂಧ್ರದ ಸುತ್ತ ಹಾಳೆ ಮಡಚುವಾಗ ದುಂಡು ಕುತ್ತಿಗೆಗೆ ಕೊಡುವ ಹಾಗೆ ಸಣ್ಣ ಸಣ್ಣ ಕಚ್ಚು ಕೊಟ್ಟೆ. ಆದರೆ ಕಚ್ಚು ಮುಖದ ಅಂಚಿನ ತನಕ ಬರಬಾರದು. ಬಿಸಿಗೆ ಅದು ಹರಿದುಕೊಂಡು ಮೇಲೆ ಬರುತ್ತದೆ. ಬಟ್ಟೆಯಲ್ಲಾದರೆ ಅಂಚಿಗೆ ತೀರಾ ಹತ್ತಿರ ಕತ್ತರಿಸಿದರೂ ದಾರ ಹಿಡಿದುಕೊಳ್ಳುತ್ತದೆ. ಇಲ್ಲಿ ದಾರ ಇಲ್ಲ.

ಈಗ ಬಿಸಿಯ ಮಾತು. ಹೇರ್ ಡ್ರೈಯರ್ ಸಾಕು ಅಂತ ಬಹಳ ಜನ ಹೇಳುತ್ತಾರೆ. ಸುಕ್ಕು ಬಿಡಿಸಲು, ಹಾಳೆ ಮೆತ್ತಗೆ ಮಾಡಲು ಸಾಕು. ಕೊನೆಯ ಕೆಲಸಕ್ಕೆ ಸಾಲದು. ಎಲ್ಲ ಅಂಟಿಸಿ, ಕತ್ತರಿಸಿ ಮುಗಿದ ಮೇಲೆ ಅಂಚುಗಳನ್ನೂ ತಗ್ಗುಗಳನ್ನೂ ಎಳೆದ ಜಾಗಗಳನ್ನೂ ಇನ್ನೊಮ್ಮೆ ಚೆನ್ನಾಗಿ ಕಾಯಿಸಬೇಕು. ಕಾಸ್ಟ್ ಹಾಳೆಗೆ ಸುಮಾರು 95 ರಿಂದ 110 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿಯಾದಾಗ ಹಾಳೆ ತನ್ನ ಹಳೆಯ ಅಳತೆ ಮರೆಯುತ್ತದೆ, ಹೊಸ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಇಸ್ತ್ರಿ ಒತ್ತದೆ ಬಟ್ಟೆ ಕೊಡಬಾರದು ಅನ್ನುವ ನಿಯಮ ಇಲ್ಲಿಗೂ ಸರಿ. ಹೀಟ್ ಗನ್, ಅಂದರೆ ಜೋರು ಬಿಸಿಗಾಳಿ ಊದುವ ಉಪಕರಣ, ಬೇಕು. ಮೇಲ್ಮೈಯ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ನಾನು ಅಂದಾಜಿನ ಮೇಲೆ ಮಾಡಲು ಹೋಗಿ ಒಂದು ಮೂಲೆಯನ್ನು ತೂತು ಮಾಡಿದೆ. ಆಮೇಲೆ ಥರ್ಮಾಮೀಟರ್ ತಂದೆ. ಒಳಗಿನ ಪ್ಲಾಸ್ಟಿಕ್ ಭಾಗಗಳ ಮೇಲೆ ಗನ್ ಒಂದೇ ಕಡೆ ನಿಲ್ಲಬಾರದು. ಹಾಳೆಗಿಂತ ಮೊದಲು ಪ್ಲಾಸ್ಟಿಕ್ಕೇ ಸೊಟ್ಟಗಾದೀತು.

ಅಂಟಿಸುವ ಜಾಗವೂ ತೀರಾ ತಣ್ಣಗಿರಬಾರದು, ತೀರಾ ಬಿಸಿಯೂ ಇರಬಾರದು. 16 ರಿಂದ 32 ಡಿಗ್ರಿಯ ನಡುವೆ ಇದ್ದರೆ ಕೆಲಸ ಹಿತ. ಬಿಸಿಲಲ್ಲಿ ನಿಂತ ಕಾರಿಗೆ ಅಂಟಿಸಲು ಹೋದರೆ ಹಾಳೆ ತಾಗಿದಲ್ಲೇ ಕಚ್ಚಿಕೊಳ್ಳುತ್ತದೆ, ಜಾರಿಸುವ ಮಾತೇ ಇಲ್ಲ.

ಬ್ಲೇಡಿನ ವಿಷಯಕ್ಕೆ ಬಂದರೆ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ಮೊದಲ ಸಲ ಬಿ ಪಿಲ್ಲರ್ ಅಂಚನ್ನು ಕಾರಿನ ಮೇಲೇ ಕತ್ತರಿಸಿದೆ. ಹಗುರವಾಗಿಯೇ ಎಳೆದೆ ಅಂದುಕೊಂಡಿದ್ದೆ. ಹಾಳೆ ಕಿತ್ತಾಗ ಅಡಿಯ ಬಣ್ಣದ ಮೇಲೆ ಕೂದಲೆಳೆಯಷ್ಟು ನೇರವಾದ ಗೀರು ಕಂಡಿತು. ಎರಡನೇ ಸಲ ನೈಫ್‌ಲೆಸ್ ಟೇಪ್ ತಂದೆ. ಇದು ತೆಳು ಟೇಪು, ಒಳಗೆ ಒಂದು ಸಣ್ಣ ತಂತಿಯಂಥ ಎಳೆ ಇರುತ್ತದೆ. ಎಲ್ಲಿ ಕತ್ತರಿಸಬೇಕೋ ಅಲ್ಲಿ ಮೊದಲು ಟೇಪು ಅಂಟಿಸಿ, ಅದರ ಮೇಲೆ ವಿನೈಲ್ ಹಾಕಿ, ಆಮೇಲೆ ಎಳೆಯ ತುದಿ ಹಿಡಿದು ಎಳೆದರೆ ಅದು ಅಡಿಯಿಂದ ವಿನೈಲನ್ನು ಕತ್ತರಿಸುತ್ತಾ ಬರುತ್ತದೆ. ಬಣ್ಣಕ್ಕೆ ಏನೂ ತಾಗುವುದಿಲ್ಲ. ಹೊಲಿಗೆ ಬಿಚ್ಚುವಾಗ ಒಂದೇ ದಾರ ಸರಾಗವಾಗಿ ಬಂದುಬಿಟ್ಟರೆ ಆಗುವ ಖುಷಿ ಇದೆಯಲ್ಲ, ಅದೇ ಖುಷಿ. ಈ ಇಡೀ ಸಾಹಸದಲ್ಲಿ ಕಣ್ಣುಮುಚ್ಚಿ ಐದು ಸ್ಟಾರ್ ಕೊಡುವುದಾದರೆ ಈ ಟೇಪಿಗೆ. ಬ್ಲೇಡು ಬೇಕೇ ಬೇಕಾದ ಕಡೆ, ಅದೂ ಕಳಚಿದ ಭಾಗಗಳ ಹಿಂಬದಿಯಲ್ಲಿ ಮಾತ್ರ, ತುದಿಯನ್ನು ಪದೇಪದೇ ಮುರಿದು ಹೊಸದು ಮಾಡಿಕೊಳ್ಳಿ. ಮೊಂಡು ಬ್ಲೇಡಿಗೆ ಕೈ ತಾನಾಗಿ ಜೋರು ಕೊಡುತ್ತದೆ.

ಎರಡು ಕಡೆ ನಾನು ಕೈ ಹಾಕಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಒಂದು ಕಡೆ ಹಾಕಿ ಸುಟ್ಟುಕೊಂಡೆ. ಚಕ್ರದ ಮೇಲಿನ ಒರಟು ಕಪ್ಪು ಪ್ಲಾಸ್ಟಿಕ್‌ಗೂ ಸುತ್ತೋಣ ಅಂತ ಒಂದು ತುಂಡು ಅಂಟಿಸಿದೆ. ಮೂರು ದಿನಕ್ಕೆ ಒಣ ಎಲೆಯ ಹಾಗೆ ಸುರುಳಿ ಸುತ್ತಿ ಬಂತು. ಬಣ್ಣ ಬಳಿಯದ ಇಂಥ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಜಾತಿಯದು, ಅಂಟನ್ನು ಹತ್ತಿರ ಸೇರಿಸುವುದಿಲ್ಲ. ಮೇಲಾಗಿ ತರಿತರಿ. ಅಂಟು ತುದಿಗಳಿಗೆ ಮಾತ್ರ ತಾಗುತ್ತದೆ. ಅಂಟು ಹಿಡಿಸುವ ಪ್ರೈಮರ್ ದ್ರವ ಹಚ್ಚಿ ಮಾಡುವವರಿದ್ದಾರೆ. ನಾನು ಅಲ್ಲಿಗೆ ಬಿಟ್ಟೆ.

ಇನ್ನೊಂದು ಡ್ಯಾಶ್‌ಬೋರ್ಡಿನಲ್ಲಿ ಪಕ್ಕದ ಸೀಟಿನ ಎದುರಿನ ಪಟ್ಟಿ. ನನ್ನ ಕಾರಿನಲ್ಲಿ ಅದು ಏರ್‌ಬ್ಯಾಗ್ ಮುಚ್ಚಳದ ಮೇಲೆಯೇ ಹಾದುಹೋಗುತ್ತದೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಆ ಮುಚ್ಚಳ ಗೊತ್ತುಪಡಿಸಿದ ಗೆರೆಯಲ್ಲೇ ಹರಿಯಬೇಕು. ಅದರ ಮೇಲೆ ಗಟ್ಟಿ ಹಾಳೆ ಬಿಗಿಯುವುದು ಹುಚ್ಚು ಕೆಲಸ. ಸ್ಟಿಯರಿಂಗ್ ನಡುಭಾಗಕ್ಕೂ ಇದೇ ಮಾತು. ಏರ್‌ಬ್ಯಾಗ್ ಗುರುತಿರುವ ಯಾವ ಮುಚ್ಚಳಕ್ಕೂ ಇದೇ ಮಾತು. ನಾನು ತಂದ ಕಿಟ್ಟಿನ ಡಬ್ಬಿಯ ಚಿತ್ರದಲ್ಲಿ ಇಡೀ ಡ್ಯಾಶ್‌ಬೋರ್ಡ್ ಸುತ್ತಿ ತೋರಿಸಿದ್ದರು. ಬೇರೆ ಎಲ್ಲದಕ್ಕೂ ಕ್ಷಮಿಸಬಹುದು, ಇದಕ್ಕೆ ಆಗುವುದಿಲ್ಲ. ಪಟ್ಟಿ ಬೆಳ್ಳಿ ಬಣ್ಣದಲ್ಲೇ ಉಳಿದಿದೆ. ಗೇರ್ ಚೌಕಟ್ಟು ಕಪ್ಪು, ಇದು ಬೆಳ್ಳಿ. ಇರಲಿ.

ಕಿಟ್ಟಿನ ಹಳೆಯ ಹಾಳೆ ಕೀಳಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಬಿಸಿ ಮಾಡಿ ಎಳೆದರೆ ಅಂಗೈಯಗಲದ ಚೂರಾಗಿ ಬಂತು, ಅಂಟು ಮಾತ್ರ ಕಾರಿನ ಮೇಲೇ ಉಳಿಯಿತು. ಕಿತ್ತಳೆ ಎಣ್ಣೆಯ ಅಂಟು ತೆಗೆಯುವ ದ್ರಾವಣ ಹಾಕಿ, ಕಾದು, ಒರೆಸಿ, ಮತ್ತೆ ಹಾಕಿ. ಉಗುರು ಕಪ್ಪಾಯಿತು. ಹೋದ ತಿಂಗಳು ಪರೀಕ್ಷೆಗೆ ಅಂತಲೇ ಹೊಸ ಹಾಳೆಯ ಒಂದು ತುಂಡನ್ನು, ದಾರ ಸಿಕ್ಕಿಕೊಂಡಿರುವ ಕಡೆಯದ್ದಲ್ಲ, ಹಿಂದಿನ ಬಲ ಬಾಗಿಲಿನದ್ದು, ಹದವಾಗಿ ಕಾಯಿಸಿ ಮೇಲ್ಮೈಗೆ ಒರಗಿಸಿದ ಹಾಗೆ ಮೆಲ್ಲಗೆ ಎಳೆದೆ. ಒಂದೇ ತುಂಡಾಗಿ ಬಂತು. ಅಡಿಯಲ್ಲಿ ಅಂಟು ಹೆಚ್ಚುಕಡಿಮೆ ಇರಲೇ ಇಲ್ಲ. ಅಡಿಯ ಪಟ್ಟಿ ಅಂಟಿಸಿದ ದಿನ ಹೇಗಿತ್ತೋ ಹಾಗೇ ಇತ್ತು. ಒಂದು ವರ್ಷದ ಮೇಲಿನ ಮಾತು ಇದು, ಏಳೆಂಟು ವರ್ಷದ ನಂತರ ಇಷ್ಟೇ ಸಲೀಸಾಗಿ ಬರುತ್ತದೆ ಅಂತ ನಾನು ಹೇಳುತ್ತಿಲ್ಲ.

ಈಗಿನ ಸ್ಥಿತಿ. ಬಿ ಪಿಲ್ಲರ್‌ಗಳು ಚೆನ್ನಾಗಿವೆ, ಮೂಲೆ ಎದ್ದಿಲ್ಲ. ಆದರೆ ಕೈ, ಬ್ಯಾಗು, ಒರೆಸುವ ಬಟ್ಟೆ ತಾಗಿ ಸಣ್ಣ ಗೀರುಗಳು ಬಂದಿವೆ. ಸಂಜೆಯ ಓರೆ ಬಿಸಿಲಲ್ಲಿ ಕಾಣುತ್ತವೆ. ಗ್ಲಾಸ್ ಬ್ಲ್ಯಾಕ್ ಬೇಡ, ಮಂದ ಹೊಳಪಿನ ಸ್ಯಾಟಿನ್ ತಗೊಳ್ಳಿ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಕೇಳುತ್ತಿದ್ದೆನೋ ಇಲ್ಲವೋ, ಹೇಳಬೇಕಿತ್ತು. ಕ್ರೋಮ್ ಪಟ್ಟಿಗಳಲ್ಲಿ ಒಂದು ತುದಿ ಮಾತ್ರ ಎದ್ದಿತು. ಕಾರು ತೊಳೆಸುವ ಕಡೆ ಹುಡುಗನೊಬ್ಬ ಜೋರು ನೀರಿನ ಗನ್ನನ್ನು ಅಂಚಿಗೇ ಹಿಡಿದಿದ್ದ. ಕಾಯಿಸಿ ಒತ್ತಿದೆ, ಐದು ತಿಂಗಳಿಂದ ಕೂತಿದೆ. ಗೇರ್ ಚೌಕಟ್ಟು ನಾಲ್ಕನೇ ಯತ್ನದ್ದು, ಅದರ ತಗ್ಗು ಇವತ್ತಿಗೂ ತಗ್ಗಾಗಿಯೇ ಇದೆ. ಉಂಗುರ ತಾಗುವ ಜಾಗದಲ್ಲಿ ಒಂದು ಸಣ್ಣ ಕಚ್ಚು ಬಿದ್ದಿದೆ. ಉಂಗುರ ನಾನು ತೆಗೆಯುವುದಿಲ್ಲ, ವಿನೈಲ್ ಹೊಂದಿಕೊಳ್ಳಲಿ.

ಸ್ಟಾರ್ ಲೆಕ್ಕ ಕೇಳಿದರೆ ಎರಡನೇ ಹಾಳೆಗೆ ನಾಲ್ಕೂವರೆ. ಅರ್ಧ ಹೋಗಿದ್ದು ಗೀರುಗಳಿಗೆ, ಅದೂ ಹಾಳೆಯ ತಪ್ಪಲ್ಲ, ನಾನು ಆರಿಸಿದ ಬಣ್ಣದ ತಪ್ಪು. ಮೊದಲ ಕಿಟ್ಟಿಗೆ ಒಂದು, ಅದೂ ಗ್ಲೌಸ್‌ಗೆ, ಅವು ಚೆನ್ನಾಗಿದ್ದವು. ನನ್ನ ಕೈಗೆಲಸಕ್ಕೆ ಮೂರು. ಅಂಗಡಿಯವರ ಹತ್ತಿರ ಮಾಡಿಸಿದ್ದರೆ ದಾರದ ತುಂಡು ಇರುತ್ತಿರಲಿಲ್ಲ. ಕಾರಿನ ಬಾನೆಟ್ಟು, ಬಂಪರು ಸುತ್ತುವ ಆಸೆ ಇರುವವರು ಅವರ ಹತ್ತಿರವೇ ಹೋಗಲಿ. ಟ್ರಿಮ್ ಮಟ್ಟಿಗೆ, ಒಂದು ಭಾಗ ಹಾಳಾದರೆ ಇನ್ನೊಂದು ತುಂಡು ಕತ್ತರಿಸುವ ತಾಳ್ಮೆ ಇದ್ದರೆ, ಮನೆಯಲ್ಲೇ ಆಗುತ್ತದೆ. ಬೇಕೆನಿಸಿದ್ದಕ್ಕಿಂತ ಅರ್ಧದಷ್ಟು ಹೆಚ್ಚು ಹಾಳೆ ತನ್ನಿ. ನಾನು ತರಲಿಲ್ಲ.

ತರದೇ ಇದ್ದದ್ದಕ್ಕೆ ಆದದ್ದು ಇಷ್ಟು. ಗೇರ್ ಚೌಕಟ್ಟು ಮೂರು ಹಾಳೆ ನುಂಗಿತು, ಆಮೇಲೆ ಪರೀಕ್ಷೆಗೆ ಕಿತ್ತದ್ದಕ್ಕೆ ಒಂದು ಹೋಯಿತು. ಎಡಗಡೆ ಹಿಂದಿನ ಮೂಲೆಯ ಪುಟ್ಟ ಗಾಜಿನ ಕೆಳಗಿನ ಪಟ್ಟಿಗೆ ಉಳಿಯಲೇ ಇಲ್ಲ. ಸುತ್ತಲೂ ಕಪ್ಪು, ಅದೊಂದು ಗೇಣು ಮಾತ್ರ ಇನ್ನೂ ಕ್ರೋಮ್. ಕಳೆದ ವಾರ ಭಾವ ಬಂದವರು ಕಾರಿನ ಸುತ್ತ ಎರಡು ಸುತ್ತು ಹಾಕಿ, ‘ಯಾವ ಅಂಗಡೀಲಿ ಮಾಡಿಸಿದ್ರಿ, ಒಂದು ಚೂರೂ ತಪ್ಪಿಲ್ಲ’ ಅಂದರು. ಅವರು ಆ ಮೂಲೆಗೇ ಒರಗಿ ನಿಂತಿದ್ದರು. ನಾನು ಏನೂ ಹೇಳಲಿಲ್ಲ.